ಶಶಿಯ ಮನೆ ಮತ್ತು ನನ್ನ ‘ಎಸ್’

ಏಪ್ರಿಲ್ ಬಂತೆಂದರೆ ನಾನು ಕೆಲಸ ಮಾಡುವ ವೃದ್ಧರ ಕೇರ್ ಹೋಮಿನ ಅಡುಗೆಮನೆಯಲ್ಲಿ ರೂಬಾರ್ಬ್ ಬೇಯಲು ಶುರುವಾಗುತ್ತದೆ. ಕೆಂಪು ದಂಟಿನ, ಬಾಯಿ ಜುಮ್ಮೆನ್ನುವಷ್ಟು ಹುಳಿಯ ಗಿಡ ಅದು. ಇಲ್ಲಿಯವರು ದಂಟನ್ನು ಹೆಚ್ಚಿ, ಸಕ್ಕರೆ ಸುರಿದು, ಮೇಲೆ ಬೆಣ್ಣೆ ಕಲಸಿದ ಹಿಟ್ಟು ಉದುರಿಸಿ ಓವನ್ನಿಗೆ ಇಡುತ್ತಾರೆ. ಮುದುಕರೆಲ್ಲ ಚಮಚ ಹಿಡಿದು ಕಾಯುತ್ತಾರೆ. ವರ್ಷದಲ್ಲಿ ಮೊದಲ ಸಲ ಆ ವಾಸನೆ ಮೂಗಿಗೆ ಬಡಿದ ದಿನ ನಾನು ಕಸದ ಚೀಲ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತೇನೆ. ಅಡುಗೆ ಮಾಡುವ ಹೆಂಗಸು ನನಗೆ ಅದು ಸೇರುವುದಿಲ್ಲ ಅಂದುಕೊಂಡಿದ್ದಾಳೆ. ಸೇರುತ್ತದೆ. ಬಹಳ ಸೇರುತ್ತದೆ. ಆದರೆ ಆ ವಾಸನೆಯ ಹಿಂದೆಯೇ ನನ್ನ ತಂಗಿ ಶಶಿ ಮನೆ ಕೊಳ್ಳಲು ಹೊರಟಿದ್ದ ವಸಂತ ಬರುತ್ತದೆ, ಅದನ್ನು ತಡೆದುಕೊಳ್ಳುವುದು ಕಷ್ಟ.

ಶಶಿ ನನಗಿಂತ ಹತ್ತು ವರ್ಷ ಚಿಕ್ಕವಳು. ಗದಗಿನಲ್ಲಿ ನಮ್ಮಪ್ಪ ನನ್ನನ್ನು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಅವ್ವ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಶಶಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಸೊಂಟದ ಮೇಲೆ ಕೂಸು ಇದ್ದರೆ ನನಗೆ ಲೋಕದಲ್ಲಿ ಇನ್ನೇನೂ ಬೇಡವಾಗಿತ್ತು. ನಾನು ಮದುವೆಯಾಗಿ ಶೆಫೀಲ್ಡಿಗೆ ಬಂದೆ. ನಮ್ಮ ಮನೆಯವರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ಶಶಿ ನರ್ಸಿಂಗ್ ಓದಿ ಲಂಡನ್ನಿಗೆ ಬಂದಳು, ಅಲ್ಲೇ ಮದುವೆಯಾದಳು. ನನಗೆ ಮಕ್ಕಳಾಗಲಿಲ್ಲ. ಅವಳಿಗೆ ಗೌರಿ ಹುಟ್ಟಿದಳು.

ಗೌರಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಜನವರಿಯ ಬೆಳಿಗ್ಗೆ ಶಶಿ ಒಂದು ಸೂಟ್‌ಕೇಸು, ಒಂದು ಮಗು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ಗಂಡನ ಬಗ್ಗೆ ಒಂದೇ ಒಂದು ಮಾತು ಹೇಳಿದಳು: ‘ಅಕ್ಕಾ, ಇನ್ನ ಆಗೂದಿಲ್ಲ.’ ನಾನೂ ಮತ್ತೆ ಕೇಳಲಿಲ್ಲ. ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟೆವು. ಬ್ರೂಮ್‌ಹಿಲ್ ಹತ್ತಿರದ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ರೋಟಾ, ಅಂದರೆ ಪಾಳಿಯ ಪಟ್ಟಿ, ಹೇಗೆ ಬಂದರೆ ಹಾಗೆ ಅವಳು ಹಗಲೋ ರಾತ್ರಿಯೋ ಡ್ಯೂಟಿಗೆ ಹೋಗುತ್ತಿದ್ದಳು. ಗೌರಿಯ ಜಡೆ, ಶಾಲೆ, ಊಟದ ಡಬ್ಬಿ, ಜ್ವರ ಎಲ್ಲವೂ ನನ್ನ ಕೈಗೆ ಬಂದವು. ಆಗ ನಾನು ಹೊರಗೆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಆ ಮೂರು ವರ್ಷ ನಾನು ಯಾರನ್ನಾದರೂ ‘ಹೇಗಿದ್ದೀರಿ’ ಎಂದು ಕೇಳಿದ್ದರೆ ಅದು ಅವರೂ ತಿರುಗಿ ಕೇಳಲಿ, ‘ಚೆನ್ನಾಗಿದ್ದೇನೆ’ ಎಂದು ಹೇಳುವ ಸಂತೋಷ ನನಗೆ ಸಿಗಲಿ ಅಂತ.

ಗೌರಿ ಶಾಲೆಗೆ ಹೋಗತೊಡಗಿದ ಮೇಲೆ ನನ್ನ ಇಂಗ್ಲಿಷಿಗೆ ಮೇಷ್ಟ್ರಾದಳು. ಒಂದು ಸಲ ಪಕ್ಕದ ಮನೆಯವಳು, ‘ನಿಮಗೆ ಟೀ ಬೇಡವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ‘ಎಸ್’ ಅಂದೆ. ನಮ್ಮಲ್ಲಿ ‘ಬೇಡವಾ?’ ಅಂದರೆ ‘ಹೌದು, ಬೇಡ’ ಅನ್ನುತ್ತೇವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಆ ‘ಎಸ್’ಗೆ ‘ಬೇಕು’ ಎಂದೇ ಅರ್ಥ. ಅವಳು ದೊಡ್ಡ ಮಗ್ಗಿನ ತುಂಬ ಟೀ ತಂದು ಕೈಗಿಟ್ಟಳು. ಗೌರಿ ನೆಲದ ಮೇಲೆ ಉರುಳಾಡಿ ನಕ್ಕಳು. ಅವತ್ತಿನಿಂದ ನಾನು ‘ಎಸ್’ ಅಂದಾಗಲೆಲ್ಲ ಸೊಂಟದ ಮೇಲೆ ಕೈ ಇಟ್ಟು ಕೇಳುತ್ತಿದ್ದಳು: ‘ದೊಡ್ಡವ್ವಾ, ಎಸ್ ಟೀ, ಆರ್ ಎಸ್ ನೋ ಟೀ?’ ನಮ್ಮ ಮನೆಯವರೂ ಕಲಿತುಬಿಟ್ಟರು. ರೊಟ್ಟಿ ಬಡಿಸುವಾಗ, ‘ಎಸ್ ರೊಟ್ಟಿನೋ, ಎಸ್ ನೋ ರೊಟ್ಟಿನೋ, ಹೇಳಿ ಬಡಸವಾ’ ಅನ್ನುತ್ತಿದ್ದರು.

ಗೌರಿಗೆ ಏಳು ವರ್ಷವಾದ ವಸಂತದಲ್ಲಿ ಶಶಿ ಆ ಮನೆಯ ಸುದ್ದಿ ತಂದಳು. ಊರಿನ ಇನ್ನೊಂದು ಮಗ್ಗುಲಲ್ಲಿ, ಹಿಲ್ಸ್‌ಬರೋದಲ್ಲಿ, ಟ್ರಾಮಿನ ಹಾದಿಯಿಂದ ಮೇಲೆ ಏರುವ ಬೀದಿಯಲ್ಲಿ ಅದು ಇತ್ತು. ಸಾಮಾನ್ಯವಾಗಿ ಸಾಲ ತೀರಿಸಲಾಗದವರ ಮನೆಯನ್ನು ಬ್ಯಾಂಕು ಹಿಡಿಯುತ್ತದೆ. ಈ ಮನೆಗೆ ಸಾಲ ಕೊಟ್ಟಿದ್ದೇ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ. ಆದ್ದರಿಂದ ಮನೆ ಕೌನ್ಸಿಲ್ ಕೈಗೆ ಬಂದಿತ್ತು. ಅದನ್ನು ಮಾರಿಕೊಡಲು ಒಬ್ಬ ಏಜೆಂಟನಿಗೆ ಒಪ್ಪಿಸಿದ್ದರು. ಹರಾಜಿಲ್ಲ. ಬೇಕಾದವರು ತಾವು ಕೊಡುವ ಬೆಲೆ ಬರೆದು ಲಕೋಟೆ ಅಂಟಿಸಿ ಕೊಡಬೇಕು. ಅದಕ್ಕೆ ‘ಆಫರ್’ ಎನ್ನುತ್ತಾರೆ. ಕೊಂಡು ಬಾಡಿಗೆಗೆ ಬಿಡುವವರಿಗಿಂತ ತಾವೇ ಇರುವವರಿಗೆ ಮೊದಲ ಮನ್ನಣೆ ಎಂದೂ ಹೇಳಿದ್ದರು. ‘ನಮ್ಮಂಥವರಿಗಂತನ ಮಾಡ್ಯಾರ ನೋಡಕ್ಕಾ,’ ಎಂದು ಶಶಿ ಕುಣಿದಾಡಿದಳು. ಅವಳ ಕೈಗೆ ಎಟುಕುವ ಮನೆ ಅದೊಂದೇ ಆಗಿತ್ತು. ಮಾರುಕಟ್ಟೆಯ ಉಳಿದ ಮನೆಗಳಿಗೆ ಅವಳ ಸಂಬಳಕ್ಕೆ ಮಾರ್ಟ್‌ಗೇಜ್ ಸಾಲ ಹುಟ್ಟುತ್ತಿರಲಿಲ್ಲ.

ನೋಡಲು ಹೋದ ದಿನ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ತಣ್ಣನೆಯ ರಗಳೆ ಆಕಾಶದಿಂದ ಬೀಳುತ್ತಿತ್ತು. ಏಜೆಂಟನ ಕಡೆಯ ಹುಡುಗ ಬೀಗ ತೆಗೆದ. ನೀರು, ಗ್ಯಾಸು ನಿಲ್ಲಿಸಿದ್ದರು. ನಲ್ಲಿಗೆ, ಸಿಂಕಿಗೆ, ಕಮೋಡಿನ ಮುಚ್ಚಳಕ್ಕೆಲ್ಲ ‘ಬಳಸಬೇಡಿ’ ಎಂದು ಬರೆದ ಟೇಪು ಸುತ್ತಿದ್ದರು. ಮನೆಯ ಬಾಯಿಗೆ ಬಟ್ಟೆ ಕಟ್ಟಿದಂತೆ ಕಾಣುತ್ತಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಉಳ್ಳಾಗಡ್ಡಿ ಗೇಣುದ್ದ ಮೊಳಕೆ ಬಿಟ್ಟಿತ್ತು. ಹಿತ್ತಲ ತಂತಿಯ ಮೇಲೆ ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಹಾಗೇ ಇದ್ದವು.

ಪಕ್ಕದ ಹಿತ್ತಲಿಂದ ಒಬ್ಬ ಮುದುಕಿ ಗೋಡೆಯ ಮೇಲೆ ಮುಖ ಇಟ್ಟು, ‘ಮನೆ ತಗೋತೀರಾ, ಲವ್?’ ಎಂದು ಕೇಳಿದಳು. ಇಲ್ಲಿಯ ಮುದುಕಿಯರಿಗೆ ಎಲ್ಲರೂ ‘ಲವ್’. ಮೊದಲಿದ್ದವರು ಗಂಡ ಹೆಂಡತಿ, ಗಂಡನ ಕೆಲಸ ಹೋಯಿತು, ಆಮೇಲೆ ಆರೋಗ್ಯ ಹೋಯಿತು ಎಂದು ಹೇಳಿದಳು. ಹಿತ್ತಲ ಮೂಲೆಯಲ್ಲಿ ಅವರು ನೆಟ್ಟ ರೂಬಾರ್ಬ್ ಕೊಡೆಯಷ್ಟು ಎಲೆ ಬಿಟ್ಟು ನಿಂತಿತ್ತು. ‘ಕಿತ್ತುಕೊಂಡು ಹೋಗಿ, ಇನ್ನು ಯಾರು ತಿನ್ನಬೇಕು ಅದನ್ನು. ಎಲೆ ಮಾತ್ರ ತಿನ್ನಬೇಡಿ, ವಿಷ,’ ಅಂದಳು. ಶಶಿ ಒಂದು ದಂಟು ಮುರಿದು ಕಚ್ಚಿ, ಕಣ್ಣು ಮುಚ್ಚಿ, ‘ಅಕ್ಕಾ! ಪುಂಡಿಪಲ್ಯ!’ ಎಂದು ಕೂಗಿದಳು. ನಮ್ಮ ಕಡೆ ಪುಂಡಿ ಸೊಪ್ಪಿಗೆ ಜೋಳದ ನುಚ್ಚು ಹಾಕಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ಮಾಡುವ ಹುಳಿಪಲ್ಯ ಅದು. ಎಷ್ಟೋ ವರ್ಷದಿಂದ ಆ ಹುಳಿ ನಮ್ಮ ನಾಲಿಗೆಗೆ ಬಿದ್ದಿರಲಿಲ್ಲ. ಇಬ್ಬರೂ ಸೆರಗು ಒಡ್ಡಿದಂತೆ ಕೋಟು ಒಡ್ಡಿ ದಂಟು ತುಂಬಿಕೊಂಡೆವು.

ಮುಂದಿನ ಕೋಣೆಗೆ ಬೀದಿಗೆ ಚಾಚಿದ ದೊಡ್ಡ ಕಿಟಕಿ ಇತ್ತು. ಅಳೆಯಲು ಟೇಪು ತಂದಿರಲಿಲ್ಲ. ಶಶಿ ಗೌರಿಯನ್ನು ಕಿಟಕಿಯ ಕಟ್ಟೆ ಮೇಲೆ ಹತ್ತಿಸಿ ಅವಳ ಗೇಣಿನಿಂದಲೇ ಅಳೆಸಿದಳು. ಗೌರಿಗೆ ಇಪ್ಪತ್ತರ ಆಚೆ ಕನ್ನಡದಲ್ಲಿ ಎಣಿಸಲು ಬರುತ್ತಿರಲಿಲ್ಲ, ಅಲ್ಲಿಂದ ಇಂಗ್ಲಿಷಿಗೆ ಹಾರಿದಳು. ‘ದಿಸ್ ಈಸ್ ಮೈ ವಿಂಡೋ,’ ಎಂದು ಕಟ್ಟೆಯ ಮೇಲೇ ಕೂತುಬಿಟ್ಟಳು.

ನಾನು ಮನಸ್ಸಿನಲ್ಲೇ ದೂರದ ಲೆಕ್ಕ ಹಾಕಿದೆ. ನಮ್ಮ ಮನೆಯಿಂದ ಅಲ್ಲಿಗೆ ಒಂದು ಬಸ್ಸು, ಒಂದು ಟ್ರಾಮು. ಗೌರಿಗೆ ಬೇರೆ ಶಾಲೆ. ಆಸ್ಪತ್ರೆಯ ಗೆಳತಿಯೊಬ್ಬಳು ಅದೇ ಬೀದಿಯಲ್ಲಿದ್ದಳು, ಅವಳೂ ಶಶಿಯೂ ರೋಟಾ ಹೊಂದಿಸಿಕೊಂಡು ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುವುದೆಂದು ಆಗಲೇ ಮಾತಾಗಿತ್ತು. ‘ನಿನಗೂ ಸಾಕಾಗೇತಿ ಅಕ್ಕಾ, ಮೂರ ವರ್ಷ ಕೂತ ಉಸಿರ ಬಿಟ್ಟಿಲ್ಲ ನೀ,’ ಎಂದಿದ್ದಳು ಶಶಿ. ನನ್ನ ಮೇಲಿನ ಪ್ರೀತಿಯಿಂದ ಹೇಳಿದ ಮಾತು ಅದು.

ವಾಪಸು ಬರುವಾಗ ಟ್ರಾಮಿನಲ್ಲಿ ಶಶಿ, ‘ಯಾಕಕ್ಕಾ, ಮನಿ ಸೇರಲಿಲ್ಲೇನ?’ ಎಂದು ಕೇಳಿದಳು.

‘ಯಾರೋ ಅಳಕೋತ ಬಿಟ್ಟ ಹೋದ ಮನಿ ಐತಿ, ಶಶಿ. ನಮಗ ಯಾಕ ಬೇಕ?’

‘ನಾನೂ ಒಂದ ಮನಿ ಅಳಕೋತ ಬಿಟ್ಟ ಬಂದೀನಲ್ಲ. ನಂದು ಅದರದು ಜೋಡಿ ಸರಿ ಆಕ್ಕೈತಿ ಬಿಡ,’ ಎಂದು ನಕ್ಕಳು.

ಶಶಿ ಮೂರು ಸಂಜೆ ಕೂತು ಆಫರ್ ಬರೆದಳು. ಬೆಲೆ ಬರೆಯುವ ಜಾಗದಲ್ಲಿ ಪೆನ್ಸಿಲಿನಿಂದ ಬರೆಯುವುದು, ಅಳಿಸುವುದು. ಕೊನೆಗೆ ಲಕೋಟೆ ಅಂಟಿಸಿ ಅದರ ಮೂಲೆಗೆ ಒಂದು ಬೆರಳು ವಿಭೂತಿ ಹಚ್ಚಿದಳು. ‘ಅವರು ಹೊಲಸ ಅಂತ ಒರಸ್ತಾರವಾ,’ ಎಂದು ನಮ್ಮ ಮನೆಯವರು ಛೇಡಿಸಿದರು. ‘ಒರಸ್ಲಿ ಬಿಡ್ರಿ ಮಾಮಾ, ಅವರ ಕೈಗೂ ಹತ್ತಿ ಅವರಿಗೂ ಒಳ್ಳೇದಾಗ್ಲಿ,’ ಎಂದಳು. ಫೋನ್ ನಂಬರ್ ಬರೆಯುವಲ್ಲಿ ತನ್ನ ಮೊಬೈಲಿನ ಕೆಳಗೆ ನಮ್ಮ ಮನೆಯ ನಂಬರ್ ಬರೆದಳು. ವಾರ್ಡಿನಲ್ಲಿದ್ದಾಗ ಅವಳ ಮೊಬೈಲು ಲಾಕರಿನಲ್ಲಿರುತ್ತಿತ್ತು. ‘ಅಕ್ಕ ಇರ್ತಾಳಲ್ಲ ಮನ್ಯಾಗ,’ ಅಂದಳು.

ಆಫರ್ ಕೊಟ್ಟ ಮುಂದಿನ ವಾರ ಅವಳಿಗೆ ಉದ್ದ ಡ್ಯೂಟಿ, ಬೆಳಿಗ್ಗೆ ಹೋದರೆ ರಾತ್ರಿಗೆ ಬರುವುದು. ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಫೋನು ಬಂತು. ಏಜೆಂಟನ ಆಫೀಸಿನ ಒಬ್ಬ ಗಂಡಸು. ಮಾತು ವೇಗ, ಯಾರ್ಕ್‌ಷೈರಿನ ದಪ್ಪ ಉಚ್ಚಾರ. ಶಶಿಯ ಮೊಬೈಲು ಸಿಗುತ್ತಿಲ್ಲ ಎಂದ. ನಾನು ಅವಳ ಅಕ್ಕ, ಹೇಳಿ, ಅಂದೆ. ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಎರಡು ಆಫರ್ ಹತ್ತಿರ ಹತ್ತಿರ ಬಂದಿವೆ, ಮನೆಯಲ್ಲಿ ತಾನೇ ಇರುವವಳಾದ್ದರಿಂದ ಶಶಿಗೇ ಕೊಡಲು ಮನಸ್ಸಿದೆ. ಆಮೇಲೆ ಅವನು ಕೇಳಿದ: ‘ಅವಳೇನೂ ಹಿಂದೆ ಸರಿಯುತ್ತಿಲ್ಲ, ಅಲ್ಲವಾ?’

ನಾನು ‘ಎಸ್’ ಅಂದೆ. ಹೌದು, ಸರಿಯುತ್ತಿಲ್ಲ.

‘ಓ. ಶಿ ಈಸ್?’ ಅಂದ.

‘ಎಸ್, ಎಸ್,’ ಅಂದೆ ನಾನು, ಗಟ್ಟಿಯಾಗಿ.

‘ದಟ್ಸ್ ಎ ಶೇಮ್,’ ಅಂದ.

ಊರಲ್ಲಿ ಚಡ್ಡಿ ಹಾಕದ ಮಕ್ಕಳಿಗೆ ನಾವು ‘ಶೇಮ್ ಶೇಮ್’ ಅನ್ನುತ್ತಿದ್ದೆವು. ಇಲ್ಲಿ ಅದು ಬೇರೆ. ಮಳೆ ಬಂದು ಮಕ್ಕಳ ಆಟದ ದಿನ ನಿಂತುಹೋದಾಗ ಶಾಲೆಯ ಗೇಟಿನಲ್ಲಿ ತಾಯಂದಿರು ‘ವಾಟ್ ಎ ಶೇಮ್’ ಅನ್ನುತ್ತಾರೆ. ‘ಅಯ್ಯೋ ಪಾಪ’ ಎಂಬ ಅರ್ಥ. ಅದು ನನಗೆ ಗೊತ್ತಿತ್ತು. ಅವನು ಆ ಮಾತು ಅಂದ ಕೂಡಲೇ ನನ್ನ ‘ಎಸ್’ ಅವನ ಕಿವಿಗೆ ಹೇಗೆ ಬಿತ್ತೆಂದು ನನಗೆ ತಿಳಿಯಿತು. ಟೀ ಮಗ್ಗು ಕಣ್ಣ ಮುಂದೆ ಬಂತು. ಅವನು ಇನ್ನೂ ಫೋನಿನಲ್ಲಿದ್ದ. ಮನಸ್ಸು ಬದಲಾದರೆ ಸಂಜೆ ಐದರೊಳಗೆ ಫೋನ್ ಮಾಡಲು ಹೇಳಿ, ಇಲ್ಲವಾದರೆ ಇನ್ನೊಬ್ಬರಿಗೆ ಹೇಳಿಬಿಡುತ್ತೇವೆ ಅಂದ. ‘ನೋ’ ಎಂಬ ಒಂದು ಅಕ್ಷರ ಸಾಕಿತ್ತು. ನಾನು ‘ಥ್ಯಾಂಕ್ ಯೂ’ ಅಂದೆ.

ಇಲ್ಲಿಯವರೆಗಿನದನ್ನು ತಪ್ಪು ಎಂದು ಯಾರಾದರೂ ಕ್ಷಮಿಸಬಹುದು. ಮುಂದಿನದನ್ನು ಬರೆಯಲೆಂದೇ ನಾನು ಕೂತದ್ದು.

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಆ ಮನೆಯಿಂದ ತಂದ ರೂಬಾರ್ಬ್ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಅದನ್ನು ಹೆಚ್ಚಿದೆ. ನುಚ್ಚು ತೊಳೆದೆ. ವಾರ್ಡಿನ ನಂಬರು ಫೋನಿನ ಪಕ್ಕದ ಗೋಡೆಯ ಮೇಲೆ ಶಶಿಯೇ ದೊಡ್ಡದಾಗಿ ಬರೆದು ಅಂಟಿಸಿದ್ದಳು, ಗೌರಿಗೆ ಏನಾದರೂ ಆದರೆ ಇರಲಿ ಎಂದು. ಅದನ್ನು ನೋಡಿದೆ. ಬಳ್ಳೊಳ್ಳಿ ಸುಲಿದೆ. ಪಲ್ಯ ಕುದಿಯುವಾಗ ಎರಡು ಸಲ ಫೋನಿನ ತನಕ ಹೋಗಿ ಬಂದೆ. ಒಂದು ಸಲ ಕೈಗೆ ಎತ್ತಿಕೊಂಡೆ ಕೂಡ. ಶಾಲೆ ಬಿಡುವ ಹೊತ್ತಾಯಿತು. ಗೌರಿಯನ್ನು ಕರೆತಂದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಮೂಗು ಅರಳಿಸಿ, ‘ಮಮ್ಮೀಸ್ ಪಲ್ಯ!’ ಅಂದಳು; ಆ ಹಿತ್ತಲಲ್ಲಿ ಶಶಿ ಕೂಗಿದ್ದು ಅವಳಿಗೆ ನೆನಪಿತ್ತು.

ಐದು ಹೊಡೆಯುವಾಗ ಅವಳು ಸೋಫಾದಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಟಿವಿ ನೋಡುತ್ತಿದ್ದಳು. ಕೂದಲಿಗೆ ಶಾಲೆಯ ಬಣ್ಣದ ವಾಸನೆ. ಫೋನು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಏಳಬೇಕಾದರೆ ಅವಳ ತಲೆಯನ್ನು ಸರಿಸಬೇಕಿತ್ತು. ನಾನು ಸರಿಸಲಿಲ್ಲ.

ರಾತ್ರಿ ಶಶಿ ಬಂದು ಬೂಟು ಬಿಚ್ಚುತ್ತಲೇ ಕೇಳಿದಳು: ‘ಫೋನ ಏನೂ ಬರಲಿಲ್ಲಲ್ಲಕ್ಕಾ?’

‘ಹೌದು,’ ಅಂದೆ. ‘ಬರಲಿಲ್ಲ.’

ಇದು ಕನ್ನಡದಲ್ಲಿ ಹೇಳಿದ್ದು. ಇದರಲ್ಲಿ ನನ್ನ ಭಾಷೆಯದು ಏನೂ ತಪ್ಪಿರಲಿಲ್ಲ.

ಅವಳು ಎರಡು ಸಲ ಪಲ್ಯ ಹಾಕಿಸಿಕೊಂಡು ಉಂಡಳು. ‘ಮನಿ ಆದ ಮ್ಯಾಲ ವರ್ಷಾ ವರ್ಷಾ ನಿನಗ ಈ ದಂಟಿನ ಹೊರಿ ತಂದ ಹಾಕ್ತೀನಿ,’ ಎಂದಳು.

ಕೆಲವು ದಿನಗಳ ಮೇಲೆ ಪತ್ರ ಬಂತು: ನಿಮ್ಮ ಆಫರಿಗೆ ಧನ್ಯವಾದ, ಮನೆ ಬೇರೆಯವರಿಗೆ ಹೋಗಿದೆ. ಶಶಿ ಬಾಗಿಲಲ್ಲಿ ನಿಂತೇ ಓದಿದಳು. ಅಳಲಿಲ್ಲ. ಮಹಡಿಗೆ ಹೋದಳು. ಆ ಕಿಟಕಿಗೆಂದು ಮಾರ್ಕೆಟ್ಟಿನಿಂದ ಹಸಿರು ಬಟ್ಟೆ ತಂದು, ಡ್ಯೂಟಿ ಇಲ್ಲದ ದಿನ ಕೈಯಿಂದಲೇ ಅಂಚು ಹೊಲಿದು ಪರದೆ ಮಾಡಿದ್ದಳು. ಅದನ್ನು ಮಡಿಚುತ್ತ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ನೋಡಿ, ‘ನಂದ ತಪ್ಪಕ್ಕಾ,’ ಅಂದಳು. ‘ಜೀನತನ ಮಾಡಿದ್ನಿ. ಕೊನೀಗೆ ಅಳಿಸಿ ಕಡಿಮಿ ಬರದ್ನಿ ನೋಡ, ಹಂಗ ಮಾಡಬಾರದಿತ್ತ. ಗೌರಿ ಕಿಟಕಿ ಅಂತ ಆಸೆ ಪಟ್ಟಿತ್ತ.’

ನಾನು ಅವಳ ಪಕ್ಕ ಕೂತು ಬೆನ್ನು ಸವರಿದೆ. ‘ಇನ್ನೊಂದ ಸಿಗತೈತಿ,’ ಅಂದೆ. ನನ್ನ ಕೈ ಅವಳ ಬೆನ್ನ ಮೇಲೆ ಹೇಗೆ ಆಡಿತೋ ನನಗೆ ಈಗಲೂ ತಿಳಿಯುವುದಿಲ್ಲ.

ಇನ್ನೊಂದು ಸಿಗಲಿಲ್ಲ. ಆಗಸ್ಟಿನಲ್ಲಿ ಶಶಿ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಹಾರ್ಬೋರ್ನಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗೌರಿಯನ್ನು ಕರೆದುಕೊಂಡು ಹೋದಳು. ‘ಅಕ್ಕನ ಮ್ಯಾಲ ಎಷ್ಟ ದಿನ ಅಂತ ಭಾರ ಹಾಕೂದ,’ ಎಂದು ನಮ್ಮ ಮನೆಯವರ ಹತ್ತಿರ ಹೇಳಿದಳಂತೆ. ಒಂದು ಬಸ್ಸು ಒಂದು ಟ್ರಾಮಿನ ದೂರವನ್ನು ನಾನು ತಡೆದಿದ್ದೆ. ಈಗ ಅದು ರೈಲಿನ ದೂರವಾಯಿತು. ಮನೆಯೊಡೆಯರು ಮಾರಿದಾಗೊಮ್ಮೆ, ಬಾಡಿಗೆ ಏರಿಸಿದಾಗೊಮ್ಮೆ ಅವರು ಮನೆ ಬದಲಾಯಿಸಿದರು. ಗೌರಿ ಶಾಲೆ ಬದಲಾಯಿಸಿದಳು. ಒಂದು ಮನೆಯ ಗೋಡೆಗೆ ಎಷ್ಟು ಬೂಷ್ಟು ಹಿಡಿದಿತ್ತೆಂದರೆ ಗೌರಿಗೆ ಚಳಿಗಾಲವಿಡೀ ಇನ್‌ಹೇಲರ್ ಬೇಕಾಯಿತು. ಭಾನುವಾರದ ಫೋನಿನಲ್ಲಿ ಅವಳ ಕನ್ನಡ ವರ್ಷದಿಂದ ವರ್ಷಕ್ಕೆ ಸವೆದು, ಕೊನೆಗೆ ‘ದೊಡ್ಡವ್ವ’ ಎಂಬುದೊಂದು ಉಳಿಯಿತು. ನಾನು ಖಾಲಿ ಮನೆಯಲ್ಲಿ ಕೂರಲಾರದೆ ಕೇರ್ ಹೋಮಿಗೆ ಸೇರಿದೆ.

ಈಗ ಗೌರಿ ಇದೇ ಊರಿಗೆ ಓದಲು ಬಂದಿದ್ದಾಳೆ. ಬ್ರೂಮ್‌ಹಿಲ್‌ನಲ್ಲಿ ಗೆಳತಿಯರ ಜೊತೆ ಇರುತ್ತಾಳೆ. ನನಗಿಂತ ಒಂದು ತಲೆ ಎತ್ತರ. ಕೆಲವು ಭಾನುವಾರ ಊಟಕ್ಕೆ ಬರುತ್ತಾಳೆ. ಈ ಏಪ್ರಿಲಿನಲ್ಲಿ ಒಂದು ದಿನ ನಮ್ಮ ಮನೆಯವರು ಗೊತ್ತಿಲ್ಲದೆ ಮಾರ್ಕೆಟ್ಟಿನಿಂದ ರೂಬಾರ್ಬ್ ತಂದರು. ಎಸೆಯಲಾಗಲಿಲ್ಲ, ಪಲ್ಯ ಮಾಡಿದೆ. ಗೌರಿ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ, ‘ದೊಡ್ಡವ್ವಾ, ನನ್ನ ಕಿಟಕಿ ನೋಡಬೇಕು,’ ಅಂದಳು, ಇಂಗ್ಲಿಷಿನಲ್ಲಿ.

ಬಸ್ಸು ಹಿಡಿದು, ಟ್ರಾಮು ಹಿಡಿದು ಹೋದೆವು. ಮನೆಗೆ ಹೊಸ ಬಾಗಿಲು ಹಾಕಿದ್ದರು. ಬಾಗಿಲ ಪಕ್ಕದಲ್ಲಿ ಸಾಲಾಗಿ ಗಂಟೆಯ ಗುಂಡಿಗಳು. ಕೋಣೆ ಕೋಣೆಗೆ ಬೇರೆ ಬೇರೆ ಬಾಡಿಗೆಯವರು. ಆ ದೊಡ್ಡ ಕಿಟಕಿಗೆ ಯಾರೋ ಹಾಸಿಗೆಯ ಹೊದಿಕೆ ಕಟ್ಟಿದ್ದರು. ಗೌರಿ ಬೀದಿಯಲ್ಲಿ ನಿಂತು ಗಾಳಿಯಲ್ಲಿ ಗೇಣು ಚಾಚಿ ಕಿಟಕಿಯನ್ನು ಅಳೆಯುವಂತೆ ಮಾಡಿ ನಕ್ಕಳು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದಳು, ನಾನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ: ‘ಆ ಹಸಿರು ಪರದೆ ಮಮ್ ಹತ್ತಿರ ಇನ್ನೂ ಇದೆ. ಎಲ್ಲ ಮನೆಗೂ ಹೊತ್ತುಕೊಂಡು ಹೋದಳು. ಯಾವ ಕಿಟಕಿಗೂ ಸರಿಹೋಗಲಿಲ್ಲ. ಹೋದ ವಾರ ಕೂಡ ಹೇಳುತ್ತಿದ್ದಳು, ನಾನು ಇನ್ನೊಂದಿಷ್ಟು ಹೆಚ್ಚು ಬರೆಯಬೇಕಿತ್ತು, ಜಿಪುಣತನ ಮಾಡಿ ನಿನ್ನ ಬಾಲ್ಯ ಹಾಳು ಮಾಡಿದೆ ಅಂತ.’ ಆಮೇಲೆ ಸುಮ್ಮನೆ, ಮಾತಿಗೆ ಮಾತು ಎಂಬಂತೆ ಕೇಳಿದಳು: ‘ಅವರು ಒಂದು ಫೋನು ಕೂಡ ಮಾಡಲಿಲ್ಲ, ಅಲ್ಲವಾ?’

‘ಎಸ್,’ ಅಂದೆ.

ಅವಳ ಮುಖ ಅರಳಿತು. ಏಳು ವರ್ಷದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟಳು. ‘ದೊಡ್ಡವ್ವಾ! ಎಸ್ ದೇ ರ‍್ಯಾಂಗ್, ಆರ್ ಎಸ್ ದೇ ಡಿಡಂಟ್?’

ಕೆಳಗಿನ ರಸ್ತೆಯಲ್ಲಿ ಟ್ರಾಮು ತಿರುಗುವ ಕಿರ್ರೆಂಬ ಸದ್ದು ಕೇಳಿತು. ಅದು ಮುಗಿಯುವವರೆಗೆ ಕಾದೆ.

‘ಮಾಡಿದ್ರು,’ ಅಂದೆ ಕನ್ನಡದಲ್ಲಿ. ‘ನಾನ ಎತ್ತಿದ್ನಿ. ಮನಿ ನಿಮ್ಮವ್ವಗ ಕೊಡತೀವಿ ಅಂದಿದ್ರು.’ ಉಳಿದದ್ದನ್ನೂ ಹೇಳಿದೆ. ಪಲ್ಯ, ಸೋಫಾ, ನನ್ನ ತೊಡೆಯ ಮೇಲಿದ್ದ ಅವಳ ತಲೆ. ಅವಳಿಗೆ ಮಾತಾಡಲು ಬಾರದಿದ್ದರೂ ಕನ್ನಡ ಪೂರ್ತಿ ತಿಳಿಯುತ್ತದೆ. ತಿಳಿಯಿತೆಂದು ಅವಳ ಕೈ ಸೊಂಟದಿಂದ ಇಳಿದದ್ದರಲ್ಲೇ ಗೊತ್ತಾಯಿತು.

‘ಮಮ್‌ಗೆ ಗೊತ್ತಾ?’ ಎಂದು ಕೇಳಿದಳು. ‘ಇಲ್ಲ,’ ಅಂದೆ. ಅವಳು ತನ್ನ ಮೊಬೈಲು ತೆಗೆದು ಏನೋ ಒತ್ತಿ ನನ್ನ ಕೈಗಿಟ್ಟಳು. ಆಮೇಲೆ ನನ್ನಿಂದ ದೂರ ಹೋಗಿ, ಬೀದಿಯ ಆಚೆ ಬದಿಗೆ ಬೆನ್ನು ತಿರುಗಿಸಿ ನಿಂತಳು.

ಫೋನು ಅತ್ತ ಕಡೆ ಗಂಟೆ ಹೊಡೆಯುತ್ತಿತ್ತು. ಶಶಿ ಎತ್ತಿದಳು.

‘ಗೌರಿ, ಉಂಡ್ಯಾ? ದೊಡ್ಡವ್ವ ಏನ ಮಾಡಿದ್ಲ ಇವತ್ತ?’

‘ಪುಂಡಿಪಲ್ಯ,’ ಅಂದೆ. ‘ಶಶಿ, ನಾನ. ಅವತ್ತ ಫೋನ ಬಂದಿತ್ತ.’